ಪಾಂಡವಪುರದ ಹಾಲ್‌ನಲ್ಲಿ ನೂರು ಲೀಟರ್ ಸಮುದ್ರ

ಮಂಡ್ಯ ಜಿಲ್ಲೆಯವರಿಗೆ ನೀರಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರು ಶುರುವಾದರೆ ಸಾಕು, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಮೆಸೇಜಿಗಿಂತ ಮೊದಲು ಕೆಆರ್‌ಎಸ್ ಮಟ್ಟ ಬಂದಿರುತ್ತೆ. 124.80 ಅಡಿ ಅಂದರೆ ಏನು ಅಂತ ಇಲ್ಲಿ ಹೈಸ್ಕೂಲು ಹುಡುಗರಿಗೂ ಗೊತ್ತು. ಆದರೆ ನಮ್ಮದೆಲ್ಲ ಸಿಹಿನೀರಿನ ಲೆಕ್ಕ. ಸಮುದ್ರ ಅಂದರೆ ನಮಗೆ ಘಟ್ಟ ಇಳಿದು ಹೋಗಿ, ಎರಡು ದಿನ ಇದ್ದು, ಚಪ್ಪಲಿಯಲ್ಲಿ ಮರಳು ತುಂಬಿಕೊಂಡು ವಾಪಸ್ ಬರೋ ಜಾಗ.

ಅಂಥ ಊರಲ್ಲಿ ಕೂತು ನಾನು ಉಪ್ಪುನೀರಿನ ರೀಫ್ ಅಕ್ವೇರಿಯಂ ಮಾಡ್ತೀನಿ ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನೀರು ತರೋಕೆ ಪ್ರತಿ ವಾರ ಮಂಗ್ಳೂರಿಗೆ ಹೋಗ್ತೀಯೇನಪ್ಪಾ?"

ಹೋಗಬೇಕಾಗಿಲ್ಲ. ಆದರೆ ಆ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಈ ಹವ್ಯಾಸದಲ್ಲಿ ನಾವು ಸಾಕೋದು ಮೀನನ್ನಲ್ಲ, ನೀರನ್ನ. ನೀರು ಸರಿಯಿದ್ದರೆ ಮೀನು ತನ್ನ ಪಾಡಿಗೆ ತಾನು ಬದುಕುತ್ತೆ. ವರ್ಕ್ ಫ್ರಂ ಹೋಮ್ ಸಿಕ್ಕಿ ಪಾಂಡವಪುರಕ್ಕೆ ಮನೆ ಬದಲಾಯಿಸಿದ ಮೇಲೆ ನಾನು ಇದನ್ನು ಶುರು ಮಾಡಿ ಈಗ ಹನ್ನೊಂದು ತಿಂಗಳು. ನಿಮ್ಮಲ್ಲಿ ಯಾರಾದರೂ ರೀಲ್ಸ್ ನೋಡಿ "ನಂಗೂ ಒಂದು ಬೇಕು" ಅಂದುಕೊಂಡಿದ್ದರೆ, ದುಡ್ಡು ಹಾಕೋ ಮುಂಚೆ ಇದನ್ನೊಮ್ಮೆ ಓದಿ.

ಅಡುಗೆ ಉಪ್ಪು ಹಾಕಿದರೆ ಆಗಲ್ವಾ?

ಎಲ್ಲರೂ ಕೇಳೋ ಪ್ರಶ್ನೆ. ಆಗಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತೆ. ಅದರಲ್ಲಿ ಸುಮಾರು 85 ಭಾಗ ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ನಮ್ಮ ಅಡುಗೆ ಉಪ್ಪಿನ ಸರಕೇ. ಉಳಿದ 15 ಭಾಗದಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇವೆ. ಹವಳದಂಥ ಜೀವಿಗಳು ಮೈ ಕಟ್ಟಿಕೊಳ್ಳೋದು ಈ ಉಳಿದ ಭಾಗದಿಂದ. ಅದಕ್ಕೇ ಅಕ್ವೇರಿಯಂಗೆ ಅಂತಲೇ ಮಾಡಿದ ಸಾಲ್ಟ್ ಮಿಕ್ಸ್ ಸಿಗುತ್ತೆ. ನೂರು ಲೀಟರ್‌ಗೆ ಹತ್ತಿರ ಹತ್ತಿರ 3.7 ಕೆಜಿ ಬೇಕು. ಬಕೆಟ್‌ನಲ್ಲಿ ಸಣ್ಣ ಪಂಪು ಹಾಕಿ ಒಂದು ರಾತ್ರಿ ತಿರುಗಲು ಬಿಟ್ಟರೆ ಬೆಳಗ್ಗೆ ಸಮುದ್ರ ರೆಡಿ.

ಇದರಲ್ಲಿ ಕಷ್ಟ ಉಪ್ಪಿನದ್ದಲ್ಲ, ಉಪ್ಪು ಕರಗಿಸೋ ನೀರಿನದ್ದು. ನಮ್ಮ ಬಳಗ ನಾಲ್ಕು ತಾಲ್ಲೂಕಿನಲ್ಲಿ ಹರಡಿದೆ. ನಾನಿರೋದು ಪಾಂಡವಪುರ, ಹೆಂಡತಿಯ ತವರು ಶ್ರೀರಂಗಪಟ್ಟಣ, ಅಕ್ಕನನ್ನು ಕೊಟ್ಟಿರೋದು ಕೆ.ಆರ್. ಪೇಟೆ ಕಡೆ, ಅಪ್ಪನ ಜಮೀನು ನಾಗಮಂಗಲದಲ್ಲಿ. 300 ರೂಪಾಯಿಯ ಟಿಡಿಎಸ್ ಮೀಟರ್ ಜೇಬಲ್ಲಿಟ್ಟುಕೊಂಡು ಎಲ್ಲರ ಮನೆಯ ನೀರಿಗೂ ಅದ್ದಿ ನೋಡಿದೆ. ಶ್ರೀರಂಗಪಟ್ಟಣದ ಕಾವೇರಿ ನಲ್ಲಿ ನೀರು ಮೂರಂಕಿಯಲ್ಲೂ ಕೆಳಗಿನ ಕಡೆ ನಿಂತಿತು. ಅಪ್ಪನ ಬೋರ್‌ವೆಲ್ ನೀರು ನಾಲ್ಕಂಕಿ ದಾಟಿತು. ಅಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಬಿಸಿನೀರಿನ ಹಂಡೆ ತಳ ನೋಡಿದ್ರೆ ಗೊತ್ತಾಗಲ್ವಾ, ಇದಕ್ಕೊಂದು ಮಿಷನ್ ಬೇಕಾ" ಅಂದರು.

ರೀಫ್ ಟ್ಯಾಂಕಿಗೆ ಎರಡೂ ಆಗಲ್ಲ. ಬೋರ್ ನೀರಿನ ಗಡಸುತನ ಸಾಲ್ಟ್ ಮಿಕ್ಸಿನ ಲೆಕ್ಕ ಕೆಡಿಸುತ್ತೆ. ಕಬ್ಬು, ಭತ್ತ ಬೆಳೆಯೋ ಕಡೆ ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೆ ಇಳಿದಿದ್ದರೆ ಅದೇ ಟ್ಯಾಂಕಿನಲ್ಲಿ ಪಾಚಿಗೆ ಊಟ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತೆ. ಹಳೇ ಪೈಪು, ಫಿಟ್ಟಿಂಗಿನಿಂದ ಒಂಚೂರು ತಾಮ್ರ ಬಂದರೂ ಸಿಗಡಿ, ಬಸವನಹುಳುವಿನಂಥ ಜೀವಿಗಳು ಉಳಿಯಲ್ಲ. ಹಾಗಾಗಿ ಆರ್‌ಒ ಜೊತೆಗೆ ಡಿಐ ರೆಸಿನ್ ಇರೋ ಫಿಲ್ಟರ್ ಬೇಕೇ ಬೇಕು. ಮೀಟರ್ ಸೊನ್ನೆ ತೋರಿಸಬೇಕು. ಮನೆಯ ಕುಡಿಯೋ ನೀರಿನ ಆರ್‌ಒ ಸೊನ್ನೆಗೆ ಇಳಿಯಲ್ಲ, ಅದರ ಮುಂದೆ ರೆಸಿನ್ ಡಬ್ಬಿ ಒಂದನ್ನು ಸೇರಿಸಬೇಕು. ಆರ್‌ಒದಿಂದ ಹೊರಗೆ ಹೋಗೋ ವೇಸ್ಟ್ ನೀರನ್ನ ನಾವು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸ್ತೀವಿ. ನೀರಿಗಾಗಿ ರಸ್ತೆ ತಡೆ ಮಾಡಿದ ಜಿಲ್ಲೆಯಲ್ಲಿ ಹುಟ್ಟಿ ಅದನ್ನ ಮೋರಿಗೆ ಬಿಡೋಕೆ ಮನಸ್ಸು ಬರಲ್ಲ.

ಖಾಲಿ ಟ್ಯಾಂಕು, 38 ದಿನ

ನನ್ನ ಟ್ಯಾಂಕು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಹಾಕಿ, ಮೇಲೆ ಜಾಗ ಬಿಟ್ಟರೆ ನೂರು ಲೀಟರ್ ಆಸುಪಾಸು ನೀರು ಹಿಡಿಯುತ್ತೆ. ಒಟ್ಟು ತೂಕ 150 ಕೆಜಿ ಹತ್ತಿರ ಹೋಗುತ್ತೆ, ಹಾಗಾಗಿ ಟಿವಿ ಸ್ಟ್ಯಾಂಡಿನ ಮೇಲೆ ಇಡೋ ಐಡಿಯಾ ಬಿಟ್ಟುಬಿಡಿ. ಇದಕ್ಕಿಂತ ಚಿಕ್ಕದು ಸುಲಭ ಅನ್ನಿಸುತ್ತೆ, ಆದರೆ ಉಲ್ಟಾ. ನೀರು ಕಮ್ಮಿಯಾದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲ ಬೇಗ ಏರುಪೇರಾಗುತ್ತೆ.

ನೀರು ತುಂಬಿದ ದಿನವೇ ಮೀನು ಬಿಡಬಾರದು. ಮೀನಿನ ಉಸಿರು, ಮಲ, ಉಳಿದ ಆಹಾರದಿಂದ ಅಮೋನಿಯಾ ಬರುತ್ತೆ, ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನ ವಿಷ ಬಹಳ ಕಮ್ಮಿ, ವಾರವಾರ ಸ್ವಲ್ಪ ನೀರು ಬದಲಾಯಿಸಿ ತೆಗೆಯಬಹುದು. ಈ ಬ್ಯಾಕ್ಟೀರಿಯಾಗಳು ಕಲ್ಲಿನ ರಂಧ್ರಗಳಲ್ಲಿ ಮನೆ ಮಾಡಿಕೊಳ್ಳೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಅಮೋನಿಯಾ ಹನಿ ಹಾಕಿ ಅವುಗಳಿಗೆ ಊಟ ಕೊಟ್ಟುಕೊಂಡು ಕಾಯಬೇಕು. ಹಾಕಿದ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಸೊನ್ನೆ ತೋರಿಸಿದರೆ ಟ್ಯಾಂಕು ಸಿದ್ಧ.

ನನಗೆ ಹಿಡಿದಿದ್ದು 38 ದಿನ. ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಕೋಡ್ ಬಿಡಲ್ಲ ಅನ್ನೋ ಶಿಸ್ತು ಇಲ್ಲಿ ಉಪಯೋಗಕ್ಕೆ ಬಂತು. ಮನೆಗೆ ಬಂದ ನೆಂಟರು ಮಾತ್ರ ಖಾಲಿ ಗಾಜಿನ ಪೆಟ್ಟಿಗೆ ಮುಂದೆ ನಿಂತು "ಮೀನು ಎಲ್ಲಿ ಅವಿತ್ಕೊಂಡಿದೆ?" ಅಂತ ಹುಡುಕುತ್ತಿದ್ದರು. "ಇನ್ನೂ ಬಂದಿಲ್ಲ" ಅಂದರೆ ನನ್ನ ಮುಖವನ್ನೇ ಒಂಥರಾ ನೋಡೋರು. ಆಮೇಲಿನ ವಾರಗಳಲ್ಲಿ ಮರಳೆಲ್ಲ ಕಂದು ಬಣ್ಣವಾಯಿತು, ನಂತರ ಹಸಿರು ಪಾಚಿ ಬಂತು. ಹೊಸ ಟ್ಯಾಂಕು ಇಂಥ ಹಂತ ದಾಟಲೇಬೇಕು. ಔಷಧಿ ಸುರಿಯೋ ಅಗತ್ಯ ಇಲ್ಲ, ನಾಲ್ಕು ಬಸವನಹುಳು ಬಿಟ್ಟು ಸುಮ್ಮನಿದ್ದರೆ ಆಯ್ತು.

ಮಡಕೆಯ ಫಿಸಿಕ್ಸ್

ಟ್ಯಾಂಕಿನ ನೀರು 25-26 ಡಿಗ್ರಿಯಲ್ಲಿರಬೇಕು. ಏಪ್ರಿಲ್‌ನಲ್ಲಿ ನಮ್ಮ ಹಾಲ್ ಮಧ್ಯಾಹ್ನ 33 ಮುಟ್ಟುತ್ತೆ. ಚಿಲ್ಲರ್ ಅನ್ನೋ ಯಂತ್ರ ಇದೆ, ಬೆಲೆ ಕೇಳಿದರೆ ನಮಗೇ ಬೆವರು ಬರುತ್ತೆ. ಆದರೆ ಕರಾವಳಿಯವರಿಗಿಲ್ಲದ ಒಂದು ಅನುಕೂಲ ನಮಗಿದೆ, ಬೇಸಿಗೆಯ ಒಣ ಹವೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತಾ ಶಾಖ ಹೊತ್ತೊಯ್ಯುತ್ತೆ. ಮಣ್ಣಿನ ಮಡಕೆಯ ನೀರು ತಣ್ಣಗಿರೋದೂ ಇದೇ ಲೆಕ್ಕದಲ್ಲಿ. ದಿನಕ್ಕೆ ಎರಡು ಲೀಟರ್ ಆವಿಯಾದರೆ ಸುಮಾರು 55 ವ್ಯಾಟ್ ಶಾಖವನ್ನು ದಿನವಿಡೀ ಹೊರಗೆ ಹಾಕಿದ ಹಾಗೆ. ಇದರ ಜೊತೆ ಮಧ್ಯಾಹ್ನ ಕಿಟಕಿಗೆ ದಪ್ಪ ಪರದೆ ಇಳಿಸಿ, ಲೈಟನ್ನು ಸಂಜೆಯಿಂದ ರಾತ್ರಿಗೆ ಬದಲಾಯಿಸಿ, ಹೋದ ಬೇಸಿಗೆಯನ್ನು 27 ಡಿಗ್ರಿ ಒಳಗೇ ದಾಟಿಸಿದೆ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಆವಿಯಾಗೋದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತೆ. ದಿನಕ್ಕೆ ಎರಡು ಲೀಟರಿನಂತೆ ಒಂದು ವಾರ ಹೋದರೆ 14 ಲೀಟರ್. ಲೀಟರಿಗೆ 35 ಗ್ರಾಂ ಇದ್ದ ಉಪ್ಪು 40 ಗ್ರಾಂ ದಾಟುತ್ತೆ. ಹಾಗಾಗಿ ದಿನವೂ ಹೋದಷ್ಟು ನೀರನ್ನು ತುಂಬಬೇಕು, ಅದೂ ಉಪ್ಪುನೀರಲ್ಲ, ಬರೀ ಸೊನ್ನೆ ಟಿಡಿಎಸ್ ನೀರು. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೀನಿ. ನಮ್ಮ ಮನೆಯಲ್ಲಿ ಈಗ ಎರಡು ಡ್ಯಾಮಿನ ಮಟ್ಟ ದಿನಾ ಚೆಕ್ ಆಗುತ್ತೆ. ಹೊರಗೆ ಹೋದಾಗ ತಾನಾಗಿಯೇ ತುಂಬೋ ಫ್ಲೋಟ್ ಸೆನ್ಸರ್ ಕೂಡ ಸಿಗುತ್ತೆ, ಅದರಷ್ಟು ನೆಮ್ಮದಿ ಕೊಡೋ ವಸ್ತು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ.

ಇನ್ನು ಕರೆಂಟು. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಮ್ಮಿ ಆಮ್ಲಜನಕ ಹಿಡಿಯುತ್ತೆ, ಬಿಸಿಯಾದಷ್ಟೂ ಇನ್ನೂ ಕಮ್ಮಿ. ಪಂಪು ನಿಂತರೆ ನೀರು ಅಲುಗಾಡಲ್ಲ, ಗಾಳಿ ಬೆರೆಯಲ್ಲ. ಮೇ ತಿಂಗಳ ಮಳೆಗಾಳಿಗೆ ನಮ್ಮ ರಸ್ತೆಯಲ್ಲಿ ಮರ ಬಿದ್ದು ರಾತ್ರಿ ಒಂಬತ್ತಕ್ಕೆ ಹೋದ ಕರೆಂಟು ಬಂದಿದ್ದು ಬೆಳಗಿನ ಜಾವ ನಾಲ್ಕಕ್ಕೆ. ಇನ್ವರ್ಟರ್ ಎರಡು ಗಂಟೆಗೆ ಮಲಗಿತು. ಟ್ಯಾಂಕಿಗೆ ಅಂತಲೇ ಇಟ್ಟಿದ್ದ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಆಗ ಕೆಲಸಕ್ಕೆ ಬಂತು. ಅದರಲ್ಲಿರೋದು 84 ವ್ಯಾಟ್-ಅವರ್, 5 ವ್ಯಾಟ್‌ನ ಡಿಸಿ ಪಂಪನ್ನು ಹನ್ನೆರಡು ಗಂಟೆಗೂ ಹೆಚ್ಚು ತಿರುಗಿಸಬಲ್ಲದು. ಲೈಟು, ಫಿಲ್ಟರ್ ಒಂದು ರಾತ್ರಿ ಇಲ್ಲದಿದ್ದರೆ ನಡೆಯುತ್ತೆ. ನೀರು ಅಲುಗಾಡದಿದ್ದರೆ ನಡೆಯಲ್ಲ. ಆ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಎರಡು ಮೀನೂ ಪಂಪಿನ ಹತ್ತಿರವೇ ರೆಕ್ಕೆ ಆಡಿಸುತ್ತಾ ನಿಂತಿದ್ದವು.

ಹವಳ ಕಲ್ಲಲ್ಲ, ಅಂಗಡಿಯ ಸರಕೂ ಅಲ್ಲ

ಹವಳ ಅಂದರೆ ನಮಗೆ ಅಜ್ಜಿಯ ಸರದ ಕೆಂಪು ಮಣಿ ನೆನಪಾಗುತ್ತೆ. ಅದು ಆಳ ಸಮುದ್ರದ ಒಂದು ಬಗೆಯ ಹವಳದ ಅಸ್ಥಿಪಂಜರ. ಜೀವಂತ ಹವಳ ಒಂದು ಪ್ರಾಣಿ. ಸಾವಿರಾರು ಪುಟ್ಟ ಪಾಲಿಪ್‌ಗಳು ಸೇರಿ ಸುಣ್ಣದ ಗೂಡು ಕಟ್ಟಿಕೊಂಡು ಬದುಕುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿ ಬಾಡಿಗೆಗಿರುತ್ತೆ, ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತೆ. ನೀರು ವಾರಗಟ್ಟಲೆ ಮಾಮೂಲಿಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಿದ್ದರೂ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತೆ. 2024ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿದ್ದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವರದಿ ಮಾಡಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಇಡೀ ಜಗತ್ತಿನಲ್ಲೇ ನಾಲ್ಕನೇ ಬಾರಿಯ ಮಹಾ ಬಿಳಿಚುವಿಕೆ ನಡೆಯುತ್ತಿದೆ ಅಂತ ಘೋಷಣೆಯಾಯಿತು. ಹಾಲ್‌ನಲ್ಲಿ ಒಂದು ಡಿಗ್ರಿಗಾಗಿ ಫ್ಯಾನ್, ಪರದೆ ಅಂತ ಒದ್ದಾಡುವಾಗ ಆ ಸುದ್ದಿ ನನಗೆ ಬೇರೆಯೇ ಥರ ಅರ್ಥವಾಯಿತು. ಸಮುದ್ರಕ್ಕೆ ಫ್ಯಾನ್ ಹಾಕೋಕಾಗಲ್ಲ.

ಹೊಸಬರು ಕಾನೂನನ್ನು ಸರಿಯಾಗಿ ತಿಳಿದುಕೊಳ್ಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎಲ್ಲ ಕಲ್ಲುಹವಳಗಳೂ ಇವೆ. ಹುಲಿ, ಆನೆ ಇರೋ ಪಟ್ಟಿಯೇ ಅದು. ಬೆಂಕಿಹವಳ, ಸಮುದ್ರ ಬೀಸಣಿಗೆ, ಸಮುದ್ರಕುದುರೆ ಕೂಡ ಅದರಲ್ಲಿವೆ. ನಮ್ಮ ಸಮುದ್ರದಿಂದ ಇವನ್ನು ಕೀಳೋದು, ಮಾರೋದು, ಕೊಳ್ಳೋದು ಅಪರಾಧ, ಕನಿಷ್ಠ ಮೂರು ವರ್ಷ ಜೈಲು ಇದೆ. ಸತ್ತ ಹವಳದ ಕಲ್ಲಿಗೂ ಇದು ಅನ್ವಯಿಸುತ್ತೆ. ಬೀಚಿನಿಂದ ಚೀಲದಲ್ಲಿ ತರೋದು ಕೂಡ ತಪ್ಪು. ವಿದೇಶಿ ಜೀವಿಗಳಾದರೆ, ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿರುವುದನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರಲ್ಲಿ ನಿಯಮ ಬಂದಿದೆ.

ಆದರೂ ಮಾರೋರು ಇದ್ದಾರೆ. ಒಂದು ಅಂಗಡಿಯಲ್ಲಿ ಒಳಗಿನ ರೂಮಿಗೆ ಕರೆದೊಯ್ದು ಹಸಿರಾಗಿ ಹೊಳೆಯುವ ಕಲ್ಲುಹವಳದ ತುಂಡು ತೋರಿಸಿದರು. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ ಸಾರ್" ಅಂದರು. ಅದು ನಿಜಕ್ಕೂ ಸುಂದರವಾಗಿತ್ತು. ಬಿಲ್ ಇಲ್ಲದ್ದು ಎಲ್ಲಿಂದ ಬಂತು ಅಂತ ಹೇಳೋಕೆ ಅವರ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಬಂದೆ.

ನನ್ನ ಟ್ಯಾಂಕಿನಲ್ಲಿರೋ ಕಲ್ಲು ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು. ಅದರ ಮೇಲೆ ಇನ್ನೊಬ್ಬ ಹವ್ಯಾಸಿಯ ಟ್ಯಾಂಕಿನಲ್ಲೇ ಬೆಳೆದ ಝೋಯಾಂಥಿಡ್ ಮತ್ತು ಮಶ್ರೂಮ್ ತುಂಡುಗಳಿವೆ. ಇವು ಸುಣ್ಣದ ಗೂಡು ಕಟ್ಟದ, ಬೇರೆ ಗಣದ ಜೀವಿಗಳು. ಒಂದು ತಿಂಗಳಲ್ಲಿ ಏಳು ಬಾಯಿದ್ದದ್ದು ಒಂಬತ್ತಾದರೆ ನಾನು ಹೆಂಡತಿಯನ್ನು ಕರೆದು ತೋರಿಸ್ತೀನಿ. ಒಂದು ಎಚ್ಚರ: ಕೆಲವು ಝೋಯಾಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಾರೀ ವಿಷ ಇರುತ್ತೆ. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ, ಅವು ಅಂಟಿರೋ ಕಲ್ಲನ್ನು ಯಾವ ಕಾರಣಕ್ಕೂ ಬಿಸಿನೀರಲ್ಲಿ ಕುದಿಸಬೇಡಿ. ಚಿಕ್ಕ ಮಕ್ಕಳಿರೋ ಮನೆಯಲ್ಲಿ ಟ್ಯಾಂಕಿಗೆ ಮುಚ್ಚಳ ಇರಲಿ.

ನೀಮೊ ಸರಿ, ಡೋರಿ ಬೇಡ

2003ರ 'ಫೈಂಡಿಂಗ್ ನೀಮೊ' ನೋಡಿ ಬೆಳೆದ ಪೀಳಿಗೆ ನಮ್ಮದು. ಹಾಗಾಗಿ ಮೊದಲ ಮೀನು ಯಾವುದು ಅಂತ ಯೋಚಿಸಬೇಕಾಗಿರಲಿಲ್ಲ. ಅದೃಷ್ಟಕ್ಕೆ ಕ್ಲೌನ್‌ಫಿಶ್ ಹೊಸಬರಿಗೂ ಒಳ್ಳೆಯದು, ಸಮುದ್ರಕ್ಕೂ ಒಳ್ಳೆಯದು. ಯಾಕಂದರೆ ಇದನ್ನು ಹ್ಯಾಚರಿಯಲ್ಲಿ ಮರಿ ಮಾಡಿಸಬಹುದು. ನಮ್ಮ ದೇಶದಲ್ಲೇ ಮೇಲೆ ಹೇಳಿದ ಸಾಗರ ಸಂಶೋಧನಾ ಸಂಸ್ಥೆ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಕ್ಲೌನ್‌ಫಿಶ್ ಮರಿ ಮಾಡಿಸುವ ವಿಧಾನ ರೂಪಿಸಿದೆ. ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ಅಲಂಕಾರಿಕ ಸಿಗಡಿ ಸಾಕುವುದನ್ನು ಸ್ಥಳೀಯ ಮಹಿಳೆಯರಿಗೆ ಕಲಿಸಿದ್ದಾರೆ. ಹ್ಯಾಚರಿಯ ಮರಿ ಗಾಜಿನ ತೊಟ್ಟಿಯಲ್ಲೇ ಹುಟ್ಟಿ, ಕಾಳು ತಿಂದು ಬೆಳೆದಿರುತ್ತೆ. ಅನಿಮೋನ್ ಇಲ್ಲದೆಯೂ ಬದುಕುತ್ತೆ.

ಸಮುದ್ರದಿಂದ ಹಿಡಿದು ತರೋ ಮೀನಿನ ಕಥೆ ಬೇರೆ. ಆಗ್ನೇಯ ಏಷ್ಯಾದ ಕೆಲವು ಕಡೆ ಹವಳದ ಸಂದಿಗೆ ಸಯನೈಡ್ ಚಿಮ್ಮಿಸಿ, ಪ್ರಜ್ಞೆ ತಪ್ಪಿದ ಮೀನನ್ನು ಹಿಡಿಯೋ ಪದ್ಧತಿ ದಶಕಗಳಿಂದ ಇದೆ. ಮೀನೂ ಬಹಳ ದಿನ ಉಳಿಯಲ್ಲ, ಹಿಡಿದ ಜಾಗದ ಹವಳವೂ ಸಾಯುತ್ತೆ. ಅದಕ್ಕೇ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ರೇಟಲ್ಲ, "ಇದು ಹ್ಯಾಚರಿ ಮರಿಯಾ?" ಅನ್ನೋದು. ಅಕ್ಕನ ಮಗಳಿಗೆ ನೀಲಿ ಡೋರಿ ಬೇಕಿತ್ತು. ಅದು 30 ಸೆಂಟಿಮೀಟರ್‌ವರೆಗೆ ಬೆಳೆಯೋ, ಉದ್ದಕ್ಕೆ ಈಜೋ ಮೀನು. ಎರಡಡಿ ಪೆಟ್ಟಿಗೆಯಲ್ಲಿ ಅದನ್ನಿಟ್ಟರೆ ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ಎಮ್ಮೆ ಕಟ್ಟಿದ ಹಾಗೆ. ಹಾಗಂತ ಹೇಳಿದ್ದಕ್ಕೆ ಅವಳು ನಕ್ಕು ಒಪ್ಪಿಕೊಂಡಳು.

ಕ್ಲೌನ್‌ಫಿಶ್‌ನಲ್ಲಿ ಒಂದು ವಿಶೇಷ. ಎಲ್ಲ ಮರಿಗಳೂ ಮೊದಲು ಗಂಡು. ಜೋಡಿಯಲ್ಲಿ ದೊಡ್ಡದು, ಜೋರಿನದು ಹೆಣ್ಣಾಗುತ್ತೆ. ನಮ್ಮ ಜೋಡಿಯಲ್ಲಿ ಒಂದು ಈಗ ಎದ್ದು ಕಾಣೋಷ್ಟು ದೊಡ್ಡದಾಗಿದೆ, ಚಿಕ್ಕದು ಅದರ ಮುಂದೆ ಮೈ ನಡುಗಿಸಿ ಶರಣಾಗುತ್ತೆ. "ಮನೆ ಯಜಮಾನಿಕೆ ಇತ್ಯರ್ಥ ಆಯ್ತು" ಅಂತ ಹೆಂಡತಿಗೆ ಖುಷಿ.

ಖರ್ಚು ಮತ್ತು ಹಳೇ ನೀರು

ಟ್ಯಾಂಕು, ಸ್ಟ್ಯಾಂಡು, ನೀಲಿ-ಬಿಳಿ ಎಲ್‌ಇಡಿ, ಕೊಳೆಯನ್ನು ನೊರೆ ಮಾಡಿ ತೆಗೆಯೋ ಪ್ರೋಟೀನ್ ಸ್ಕಿಮ್ಮರ್, ಪಂಪು, ಫಿಲ್ಟರ್, ಟೆಸ್ಟ್ ಕಿಟ್, ಉಪ್ಪು, ಕಲ್ಲು ಎಲ್ಲ ಸೇರಿ ನನಗೆ 50 ಸಾವಿರದ ಹತ್ತಿರ ಆಯಿತು. ಇದರಲ್ಲಿ ಮೀನಿನ ಪಾಲು ಅತಿ ಕಮ್ಮಿ. ದಿನಕ್ಕೆ ಹತ್ತು ನಿಮಿಷ, ಭಾನುವಾರ ಒಂದು ಗಂಟೆ ಸಮಯ ಬೇಕು.

ವಾರಕ್ಕೆ ಹತ್ತು ಲೀಟರ್ ನೀರು ಬದಲಾಯಿಸ್ತೀನಿ. ತೆಗೆದ ನೀರು ಎಲ್ಲಿಗೆ? "ತೆಂಗಿನ ಬುಡಕ್ಕೆ ಹಾಕು, ತೆಂಗಿಗೆ ಉಪ್ಪು ಒಳ್ಳೇದು" ಅಂದರು ಅಪ್ಪ. ಹಿಡಿ ಉಪ್ಪು ಹಾಕೋ ಪದ್ಧತಿ ನಮ್ಮ ಕಡೆ ಇದೆ, ನಿಜ. ಲೆಕ್ಕ ಹಾಕಿದೆ: ಹತ್ತು ಲೀಟರ್‌ನಲ್ಲಿ 350 ಗ್ರಾಂ, ವರ್ಷಕ್ಕೆ 18 ಕೆಜಿ ಉಪ್ಪು. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಬೇಡ ಬಿಡು, ಬಾತ್‌ರೂಮಿಗೇ ಸುರಿ" ಅಂದರು. ಮಣ್ಣು ಸವಳಾಗೋದು ಅಂದರೇನು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೊಂದು ಮಾತು, ಟ್ಯಾಂಕಿನ ನೀರನ್ನಾಗಲಿ ಜೀವಿಗಳನ್ನಾಗಲಿ ಕೆರೆಗೆ, ನಾಲೆಗೆ ಬಿಡಬಾರದು.

ನಿಮಗೆ ಬೇಕಾ, ಬೇಡವಾ?

ಕೆ.ಆರ್. ಪೇಟೆಯ ಅಕ್ಕನಿಗೂ ನನ್ನದನ್ನು ನೋಡಿ ಆಸೆಯಾಗಿತ್ತು. ಅವಳ ಮನೆ ತೋಟದಲ್ಲಿ. ಕರೆಂಟು ಹೋದರೆ ದಿನಗಟ್ಟಲೆ ಬರೋದಿಲ್ಲ. ಮದುವೆ, ಜಾತ್ರೆ ಅಂತ ತಿಂಗಳಿಗೊಮ್ಮೆ ಎರಡು-ಮೂರು ದಿನ ಬೀಗ ಹಾಕಿ ಹೋಗ್ತಾರೆ. ಬೇಡ ಅಂದೆ. ಅವಳೀಗ ಸಿಹಿನೀರಿನ ಟ್ಯಾಂಕಿನಲ್ಲಿ ಗಿಡ ಬೆಳೆಸಿ ಗಪ್ಪಿ ಸಾಕಿದ್ದಾಳೆ. ನನ್ನದಕ್ಕಿಂತ ಹಸಿರಾಗಿ, ನನ್ನದರ ಐದನೇ ಒಂದು ಭಾಗದ ಖರ್ಚಿನಲ್ಲಿ ಚೆನ್ನಾಗಿದೆ. ಹವಳ ನೋಡಲೇಬೇಕು ಅನ್ನೋರಿಗೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗೋ ನೇತ್ರಾಣಿ ದ್ವೀಪ ಇದೆ. ಅಲ್ಲಿ ಸ್ಕೂಬಾ ಡೈವಿಂಗ್‌ನಲ್ಲಿ ಅವುಗಳ ಮನೆಯಲ್ಲೇ ನೋಡಬಹುದು, ಮುಟ್ಟದೆ ನೋಡಿದರೆ ಆಯ್ತು.

ಹಾಗಾಗಿ ನಿಮ್ಮನ್ನು ನೀವು ಮೂರು ಪ್ರಶ್ನೆ ಕೇಳಿಕೊಳ್ಳಿ. ಖಾಲಿ ಪೆಟ್ಟಿಗೆ ಮುಂದೆ ಆರು ವಾರ ಕಾಯ್ತೀರಾ? ನೀವು ಊರಲ್ಲಿಲ್ಲದಾಗ ನೀರು ತುಂಬಿ, ಪಂಪು ನೋಡೋ ಒಬ್ಬರು ಮನೆಯಲ್ಲಿದ್ದಾರಾ? ಬಿಲ್ ಇಲ್ಲದ ಸುಂದರವಾದ ತುಂಡೊಂದು ಕಣ್ಣೆದುರು ಹೊಳೆಯುವಾಗ ಬೇಡ ಅಂತ ಎದ್ದು ಬರ್ತೀರಾ?

ಮೂರಕ್ಕೂ ಹೌದು ಅಂದರೆ ಧೈರ್ಯವಾಗಿ ಶುರು ಮಾಡಿ. ಮೊದಲು ಟಿಡಿಎಸ್ ಮೀಟರ್ ಮತ್ತು ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರ್ ತಗೊಳ್ಳಿ. ಮೀನು ಎಲ್ಲಕ್ಕಿಂತ ಕೊನೆಗೆ.